ಎದುರಾಳಿಯಿಲ್ಲದ ಗೆಲುವು

ಗುರುತ್ವ ಅಲೆಯ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಹೆಚ್ಚುಕಡಿಮೆ ಒಂದೇ ತಲೆಬರಹ: ಐನ್‌ಸ್ಟೈನ್ ಮತ್ತೆ ಗೆದ್ದರು. ಗೆದ್ದದ್ದೇನೋ ನಿಜ. ಕಣದಲ್ಲಿ ಎದುರಾಳಿ ಇದ್ದನೇ ಎಂಬುದೇ ಪ್ರಶ್ನೆ.

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಎರಡು ಲೈಗೋ ಪತ್ತೆಯಂತ್ರಗಳಿಗೆ ಸಿಕ್ಕ ಸಂಕೇತ ಬಾಳಿದ್ದು ಸೆಕೆಂಡಿನ ಐದನೇ ಒಂದು ಭಾಗದಷ್ಟು. 36 ಮತ್ತು 29 ಸೂರ್ಯರಷ್ಟು ತೂಗುವ ಎರಡು ಕಪ್ಪುಕುಳಿಗಳು ಕೂಡಿ 62 ಸೂರ್ಯರಷ್ಟರದ್ದೊಂದು ಉಳಿಯಿತು; ಮಿಕ್ಕ ಮೂರು ಅಲೆಯಾಗಿ ಹೊರಟುಹೋದವು. ಸಾಪೇಕ್ಷತಾ ಸಿದ್ಧಾಂತ ಹೇಳುವ ಅಲೆಯನ್ನು ದತ್ತಾಂಶದಿಂದ ಕಳೆದು ನೋಡಿದರು, ಉಳಿದದ್ದು ಬರೀ ಗದ್ದಲ. ಬೆಂಗಳೂರಿನ ಐಸಿಟಿಎಸ್ ಸಂಶೋಧನಾ ಸಂಸ್ಥೆಯ ತಂಡ ರೂಪಿಸಿದ ಪರೀಕ್ಷೆ ಇದಕ್ಕಿಂತ ಜಾಣತನದ್ದು. ಕೂಡುವ ಮುಂಚಿನ ಅಲೆಯಿಂದ ಕೊನೆಯ ಕಪ್ಪುಕುಳಿಯ ತೂಕವನ್ನೂ ಗಿರಕಿಯನ್ನೂ ಒಮ್ಮೆ ಅಂದಾಜಿಸಿ, ಆಮೇಲಿನ ಅಲೆಯಿಂದ ಇನ್ನೊಮ್ಮೆ ಅಂದಾಜಿಸಿ, ಎರಡನ್ನೂ ತಾಳೆ ನೋಡುವುದು. ತಾಳೆಯಾಯಿತು, ಆದರೆ ಎರಡೂ ಅಂದಾಜುಗಳ ಅಂಚು ಎಷ್ಟು ಅಗಲವಾಗಿತ್ತೆಂದರೆ ತಾಳೆ ತಪ್ಪುವುದೇ ಕಷ್ಟವಿತ್ತು.

ತೊಡಕು ಇನ್ನೂ ಒಳಗಿದೆ. ಗದ್ದಲದಿಂದ ಅಲೆಯನ್ನು ಹೆಕ್ಕುವ ಮಾದರಿಗಳಲ್ಲಿ ಬಹುಪಾಲು ಐನ್‌ಸ್ಟೈನ್ ಸಮೀಕರಣದಿಂದಲೇ ಹುಟ್ಟಿದವು. (ಮೊದಲ ಸಂಕೇತ ಮಾದರಿಯಿಲ್ಲದ ಹುಡುಕಾಟದಲ್ಲಿ ಕಣ್ಣಿಗೆ ಬಿತ್ತೆನ್ನುವುದನ್ನೂ ಹೇಳಬೇಕು.) ಪರ್ಯಾಯ ಸಿದ್ಧಾಂತಗಳಲ್ಲಿ ಹೆಚ್ಚಿನವಕ್ಕೆ ಕಪ್ಪುಕುಳಿಗಳು ಕೂಡುವ ಕ್ಷಣದ ಪೂರ್ತಿ ಲೆಕ್ಕವೇ ಇಲ್ಲ. ಹೀಗಾಗಿ ಅಲೆಯ ಸೂತ್ರದಲ್ಲಿ ಅಲ್ಲೊಂದು ಇಲ್ಲೊಂದು ಗುಣಾಂಕವನ್ನು ಅಲುಗಾಡಿಸಿ, ‘ವ್ಯತ್ಯಾಸ ಸೊನ್ನೆಗೆ ಹೊಂದುತ್ತದೆ’ ಎನ್ನುತ್ತಾರೆ. ಭೌತವಿಜ್ಞಾನಿಗಳಾದ ಯುನೆಸ್ ಮತ್ತು ಪ್ರಿಟೋರಿಯಸ್ ಈ ಪೂರ್ವಗ್ರಹದ ಬಗ್ಗೆ 2009ರಲ್ಲೇ, ಅಂದರೆ ಒಂದೂ ಅಲೆ ಸಿಗುವ ಮೊದಲೇ, ಎಚ್ಚರಿಸಿದ್ದರು.

ನನಗೆ ನಿಜವಾದ ಪರೀಕ್ಷೆ ಎನಿಸುವುದು ಕೂಡಿದ ಮೇಲಿನ ನಡುಕ, ರಿಂಗ್‌ಡೌನ್. ಕಲಕಿದ ಕಪ್ಪುಕುಳಿ ಅಲೆ ಹೊಮ್ಮಿಸುತ್ತ ಬೇಗನೆ ಶಾಂತವಾಗುತ್ತದೆಂದು 1970ರಲ್ಲಿ ಲೆಕ್ಕಹಾಕಿ ತೋರಿಸಿದವರು ಸಿ.ವಿ. ವಿಶ್ವೇಶ್ವರ, ಮುಂದೆ ಬೆಂಗಳೂರಿನ ನೆಹರೂ ತಾರಾಲಯದ ಮೊದಲ ನಿರ್ದೇಶಕರಾದವರು. ಆ ನಡುಕದ ಪ್ರತಿ ಸ್ವರವನ್ನೂ ತೂಕ, ಗಿರಕಿ ಎರಡೇ ನಿರ್ಧರಿಸಬೇಕು. ಎರಡು ಸ್ವರ ಸಿಕ್ಕಿ ಅವು ಒಂದಕ್ಕೊಂದು ಒಪ್ಪದಿದ್ದರೆ ಸಿದ್ಧಾಂತಕ್ಕೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. 2015ರ ಸಂಕೇತದಲ್ಲಿ ಎರಡನೇ ಸ್ವರ ಸಿಕ್ಕಿತೆಂದು 2019ರಲ್ಲಿ ಒಂದು ತಂಡ ಸಾರಿತು. ಅದು ಗದ್ದಲದ ಆಟವಿರಬಹುದೆಂದು 2022ರಲ್ಲಿ ಇನ್ನೊಂದು ತಂಡ ತಕರಾರು ತೆಗೆಯಿತು. ನನಗೆ ಮೊದಲನೆಯದು ಅವಸರವೆನಿಸುತ್ತದೆ. ನಾಲ್ಕು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಕ್ಷೀಣಿಸುವ ದನಿಯಲ್ಲಿ, ಶುರು ಎಲ್ಲಿಂದ ಎಂಬುದೇ ಜಗಳವಾದಾಗ, ಖಚಿತ ಮಾತಾಡುವುದು ಹೇಗೆ?

2025ರ ಜನವರಿ 14ರ ಸಂಕೇತ ಎರಡನೇ ಸ್ವರದ ಆ ಸಾಲವನ್ನು ತೀರಿಸಿತು. ಕಪ್ಪುಕುಳಿಗಳು ಹೆಚ್ಚುಕಡಿಮೆ ಹಳೆಯವಷ್ಟೇ ತೂಕದವು, ಸುಧಾರಿಸಿದ್ದು ಯಂತ್ರ. ಸಂಕೇತ ಸುಮಾರು ಮೂರು ಪಟ್ಟು ಸ್ಪಷ್ಟ. ಎರಡು ಸ್ವರಗಳು ಸಿಕ್ಕವು, ಒಪ್ಪಿದವು. ಕಪ್ಪುಕುಳಿಗಳ ಮೇಲ್ಮೈ ಒಟ್ಟು 2.4 ಲಕ್ಷ ಚದರ ಕಿಲೋಮೀಟರಿನಿಂದ ಸುಮಾರು 4 ಲಕ್ಷಕ್ಕೆ ಏರಿತ್ತು, ಅದು ಕುಗ್ಗಲಾರದೆಂಬ ಹಾಕಿಂಗ್ ಮಾತಿನಂತೆಯೇ. ಇಂಥ ಗೆಲುವಿಗೆ ತಲೆಬರಹ ಸಲ್ಲುತ್ತದೆ. ಉಳಿದ ಪರೀಕ್ಷೆಗಳ ಉದ್ದುದ್ದ ಕೋಷ್ಟಕಗಳಲ್ಲಿ ಮಾತ್ರ ಒಂದು ಕಲಂ ಸೇರಬೇಕು: ಯಾವ ಪರ್ಯಾಯ ಸಿದ್ಧಾಂತ ನಿಜವಾಗಿದ್ದರೆ ಈ ಪರೀಕ್ಷೆ ಅದನ್ನು ಹಿಡಿಯುತ್ತಿತ್ತು?