ಹೌದು ಎಂದವರು ಯಾರ್ಯಾರು?

ಬೂದಿಗೆರೆ ಊರಿನವರು ಲೋಕಸಭೆಗೆ ಮತ ಹಾಕುವುದು ಚಿಕ್ಕಬಳ್ಳಾಪುರ ಕ್ಷೇತ್ರದಲ್ಲಿ. 2015ರಲ್ಲಿ ಅವರ ಸಂಸದ ಎಂ. ವೀರಪ್ಪ ಮೊಯಿಲಿ, 2020ರಲ್ಲಿ ಬಿ.ಎನ್. ಬಚ್ಚೇಗೌಡ. ಎರಡೂ ವರ್ಷ ಸಂಸತ್ತು ಕಲ್ಲಿದ್ದಲು ಗಣಿಗಳ ಕಾನೂನು ಮಾಡಿತು. ಹೊಸ ಗಣಿ ಬೇಕು ಅಂದರೋ ಬೇಡ ಅಂದರೋ ಎಂದು ಇವರಿಬ್ಬರ ಲೆಕ್ಕ ತೆಗೆಯಹೊರಟರೆ ಹಾಜರಾತಿ ಸಿಗುತ್ತದೆ, ಕೇಳಿದ ಪ್ರಶ್ನೆಗಳು ಸಿಗುತ್ತವೆ. ಮತ ಯಾವ ಕಡೆ ಬಿತ್ತು ಎಂಬುದು ಮಾತ್ರ ಸಿಗುವುದಿಲ್ಲ.

ಗಣಿ ನಿಷೇಧದ ಮಾತಂತೂ ದೂರವೇ ಉಳಿಯಿತು. 2014ರಲ್ಲಿ ಸುಪ್ರೀಂ ಕೋರ್ಟ್ 214 ಗಣಿ ಹಂಚಿಕೆಗಳನ್ನು ರದ್ದು ಮಾಡಿದ ಮೇಲೆ ಸದನದ ಮುಂದಿದ್ದದ್ದು ಮತ್ತೆ ಯಾರಿಗೆ, ಹೇಗೆ ಕೊಡುವುದು ಎಂಬುದಷ್ಟೇ. 2020ರ ಖನಿಜ ಕಾನೂನುಗಳ ತಿದ್ದುಪಡಿಯಂತೂ ಕಲ್ಲಿದ್ದಲನ್ನು ಯಾವುದಕ್ಕೆ ಬಳಸಬೇಕೆಂಬ ನಿರ್ಬಂಧವನ್ನೇ ಸಡಿಲಿಸಿತು. ಅಂದಿನ ಕಲ್ಲಿದ್ದಲು ಸಚಿವರು ನಮ್ಮ ಧಾರವಾಡದ ಸಂಸದ ಪ್ರಲ್ಹಾದ ಜೋಶಿ. ಮಾರ್ಚ್ 6ರಂದು ಲೋಕಸಭೆ ಗದ್ದಲದ ನಡುವೆಯೇ ಧ್ವನಿಮತದಿಂದ ಅದಕ್ಕೆ ಒಪ್ಪಿಗೆ ಕೊಟ್ಟಿತು. ಮಾರ್ಚ್ 12ರಂದು ರಾಜ್ಯಸಭೆಯಲ್ಲಿ ಮತ ಎಣಿಸಲಾಯಿತು: ಪರ 83, ವಿರೋಧ 12. 245 ಸ್ಥಾನಗಳ ಸದನದಲ್ಲಿ ಮತ ಹಾಕಿದವರು ನೂರು ಮಂದಿಯೂ ಇಲ್ಲ! ಆದರೂ ಅಲ್ಲಿ ಲೆಕ್ಕವಾದರೂ ಇದೆ. ಬೂದಿಗೆರೆಯವರು ಬೆರಳಿಗೆ ಶಾಯಿ ಹಾಕಿಸಿಕೊಂಡು ಆರಿಸಿದ ಸದನದಲ್ಲಿ ಅದೂ ಇಲ್ಲ.

ಧ್ವನಿಮತದ ಕ್ರಮ ಸರಳ. ಪರ ಇರುವವರು ಹೌದು ಎನ್ನಬೇಕು, ವಿರೋಧವಿದ್ದವರು ಇಲ್ಲ ಎನ್ನಬೇಕು. ಯಾವ ಕೂಗು ಜೋರೆಂದು ಸಭಾಧ್ಯಕ್ಷರ ಕಿವಿಗೆ ಅನಿಸುತ್ತದೋ ಅದೇ ತೀರ್ಮಾನ. ಅದನ್ನು ಪ್ರಶ್ನಿಸಿದರೆ ಮತವಿಭಜನೆ: ಲಾಬಿ ತೆರವಾಗುತ್ತದೆ, ಮೂರೂವರೆ ನಿಮಿಷ ಕಾಯುತ್ತಾರೆ, ಬಾಗಿಲು ಮುಚ್ಚುತ್ತಾರೆ, ಸದಸ್ಯರು ಹಸಿರು, ಕೆಂಪು ಅಥವಾ ಹಳದಿ ಗುಂಡಿ ಒತ್ತುತ್ತಾರೆ. ಇಷ್ಟು ಹೊತ್ತು ಉಳಿಸುವ ಆತುರ ನನಗಂತೂ ಅರ್ಥವಾಗಿಲ್ಲ.

1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ಪಕ್ಷದ ವಿಪ್ ಹೇಳಿದಂತೆಯೇ ಮತ, ಹೆಸರು ಬರೆದಿಟ್ಟು ಏನಾಗಬೇಕು ಎನ್ನುವವರಿದ್ದಾರೆ. ಈ ವಾದದಲ್ಲಿ ಹುರುಳಿದೆ, ಪೂರ್ತಿ ಇಲ್ಲ. ವಿಪ್‌ಗೆ ತಲೆಬಾಗಿದ್ದೂ ಒಂದು ಲೆಕ್ಕ. ಆ ದಿನ ಸದನಕ್ಕೇ ಬಾರದೆ ಉಳಿದದ್ದು ಇನ್ನೂ ದೊಡ್ಡ ಲೆಕ್ಕ. ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲೂ ವಿಪ್ ಬಿಗಿಯೇ. ಮತವಿಭಜನೆಯಾದಾಗ ಯಾರು ಯಾವ ಕಡೆ ಎಂಬುದು ಅಲ್ಲಿ ಹೆಸರು ಸಮೇತ ಅಚ್ಚಾಗುತ್ತದೆ.

ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಅಗೆಯುವುದಿಲ್ಲ, ನಮಗೇಕೆ ಎನ್ನುವಂತಿಲ್ಲ. ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಒಲೆಗೆ ಸಿಂಗರೇಣಿಯ ಕಲ್ಲಿದ್ದಲು ಬೇಕು. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಬರಾಂಜ್ ಗಣಿ ನಮ್ಮ ಕರ್ನಾಟಕ ವಿದ್ಯುತ್ ನಿಗಮದ್ದೇ. ನಮ್ಮ ಮನೆಯ ದೀಪಕ್ಕಾಗಿ ಅಲ್ಲಿಯ ನೆಲ ಅಗೆಯುವಾಗ, ಅದಕ್ಕೆ ದಾರಿ ಮಾಡಿದ ಕಾನೂನಿಗೆ ನಮ್ಮ ಸಂಸದರು ಏನಂದರೆಂದು ಕೇಳುವುದು ಅತಿಯಾಸೆಯಲ್ಲ.

ಇಬ್ಬರು ಸಂಸದರನ್ನೂ ಇದಕ್ಕಾಗಿ ದೂರಲಾರೆ, ತಪ್ಪು ಪದ್ಧತಿಯದು. ಗಣಿ, ಅರಣ್ಯ, ಭೂಮಿಯ ಮಸೂದೆಗಳಿಗಾದರೂ ಯಾರೂ ಕೇಳದೆಯೇ ಮತವಿಭಜನೆ ಆಗಬೇಕು ಎಂದು ಲೋಕಸಭೆಯ ನಿಯಮ ತಿದ್ದಬಹುದು. ಅದಕ್ಕೆ ಸಂವಿಧಾನ ಮುಟ್ಟಬೇಕಾಗಿಲ್ಲ.