ದಾರಿಯಿಲ್ಲದ ಜಾಲ: ಡ್ಯೂಮಾಂಟ್ ಟೆಲಿವಿಷನ್‌ನ ಹತ್ತು ವರ್ಷ

ಅಮೆರಿಕದ ಟೆಲಿವಿಷನ್ ಚರಿತ್ರೆ ಹೇಳುವವರು ಡ್ಯೂಮಾಂಟ್ ನೆಟ್‌ವರ್ಕಿನ ಮಾತು ಬಂದಾಗ ಸಾಮಾನ್ಯವಾಗಿ ಎರಡರಲ್ಲಿ ಒಂದು ಧಾಟಿ ಹಿಡಿಯುತ್ತಾರೆ. ಕೈಯಲ್ಲಿ ಕಾಸಿಲ್ಲದೆ ಸೋತ ಬಡ ಸಂಸ್ಥೆ ಎಂಬ ಅನುಕಂಪ ಒಂದು. ಕಾಲಕ್ಕಿಂತ ಮುಂದಿದ್ದ ಸಾಹಸ ಎಂಬ ಮೆಚ್ಚುಗೆ ಇನ್ನೊಂದು. 1946ರಲ್ಲಿ ಶುರುವಾಗಿ 1956ರಲ್ಲಿ ನಿಂತುಹೋದ ಈ ಜಾಲಕ್ಕೆ ಎರಡೂ ಸಲ್ಲುವುದಿಲ್ಲ. ಎರಡೂ ಕಾರ್ಯಕ್ರಮಗಳ ಮೇಲಷ್ಟೇ ಕಣ್ಣಿಟ್ಟಿವೆ, ಅವು ಮನೆಗಳನ್ನು ತಲುಪಬೇಕಿದ್ದ ದಾರಿಯನ್ನು ನೋಡಿಲ್ಲ. ಡ್ಯೂಮಾಂಟ್‌ನ ಹಣೆಬರಹ ತೀರ್ಮಾನವಾದದ್ದು ಊರೂರಿನ ಪ್ರಸಾರ ಕೇಂದ್ರಗಳಲ್ಲಿ.

ಬೆಂಗಳೂರಿನಿಂದ ಹೊರಟ ವಾಹಿನಿ ಉಪಗ್ರಹದ ಮೂಲಕ ಬೀದರಿಗೂ ಚಾಮರಾಜನಗರಕ್ಕೂ ಏಕಕಾಲಕ್ಕೆ ತಲುಪುವುದನ್ನು ಕಂಡ ನಮಗೆ ಅಲ್ಲಿನ ಏರ್ಪಾಡು ತುಸು ಹೊಸದು. ಅಮೆರಿಕದಲ್ಲಿ ಪ್ರತಿ ಊರಿನ ಕೇಂದ್ರಕ್ಕೂ ಬೇರೆ ಪರವಾನಗಿ, ಬಹುಪಾಲು ಬೇರೆ ಮಾಲೀಕ. ನೆಟ್‌ವರ್ಕ್ ಕಾರ್ಯಕ್ರಮ ಕಳಿಸುತ್ತದೆ. ಸಹಯೋಗಿ ಕೇಂದ್ರ ಒಪ್ಪಿದರೆ ಮಾತ್ರ ಅದು ತೆರೆಗೆ ಬರುತ್ತದೆ. ಎನ್‌ಬಿಸಿ, ಸಿಬಿಎಸ್, ಎಬಿಸಿ ಮೂರೂ ರೇಡಿಯೋದಿಂದ ಬಂದವು. ತಾರೆಯರು, ಜಾಹೀರಾತುದಾರರು, ಕೇಂದ್ರಗಳ ಮಾಲೀಕರು ಎಲ್ಲರೂ ಅವಕ್ಕೆ ಹಳೆಯ ಪರಿಚಯ. ನ್ಯೂಜೆರ್ಸಿಯಲ್ಲಿ ಕ್ಯಾಥೋಡ್ ರೇ ಟ್ಯೂಬನ್ನು ಸುಧಾರಿಸಿ, 1938ರಲ್ಲೇ ಟಿ.ವಿ. ಸೆಟ್ ಮಾರಾಟಕ್ಕೆ ಇಟ್ಟ ಎಂಜಿನಿಯರ್ ಅಲೆನ್ ಬಿ. ಡ್ಯೂಮಾಂಟ್ ಅವರಿಗೆ ಅಂಥ ಬೆನ್ನಾಸರೆ ಇರಲಿಲ್ಲ.

ಇದ್ದ ಆಸರೆಯೇ ಉರುಳಾಯಿತು. 1930ರ ದಶಕದ ಕೊನೆಗೆ ಅವರು ಪ್ಯಾರಮೌಂಟ್ ಪಿಕ್ಚರ್ಸ್‌ನಿಂದ ಬಂಡವಾಳ ಪಡೆದರು. ಒಬ್ಬ ಒಡೆಯನಿಗೆ ಐದಕ್ಕಿಂತ ಹೆಚ್ಚು ಕೇಂದ್ರ ಕೂಡದು ಎಂಬುದು ಪ್ರಸಾರ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ಆಗಿನ ನಿಯಮ. ಡ್ಯೂಮಾಂಟ್ ಬಳಿ ನ್ಯೂಯಾರ್ಕ್, ವಾಷಿಂಗ್ಟನ್, ಪಿಟ್ಸ್‌ಬರ್ಗ್ ಕೇಂದ್ರಗಳಿದ್ದವು. ಪ್ಯಾರಮೌಂಟ್‌ಗೆ ಲಾಸ್ ಏಂಜಲೀಸ್ ಮತ್ತು ಶಿಕಾಗೋ ಕೇಂದ್ರಗಳ ಒಡೆತನವಿತ್ತು. ಡ್ಯೂಮಾಂಟ್ ಮೇಲೆ ಪ್ಯಾರಮೌಂಟ್‌ನ ಹತೋಟಿಯಿದೆ ಎಂದು ಬಗೆದ ಎಫ್‌ಸಿಸಿ ಅವೆರಡನ್ನೂ ಇದೇ ಲೆಕ್ಕಕ್ಕೆ ಸೇರಿಸಿತು. ಡ್ಯೂಮಾಂಟ್‌ನ ಮಾತು ನಡೆಯದ ಕೇಂದ್ರಗಳು ಅದರ ಖಾತೆಗೇ ಬಿದ್ದವು.

ಎರಡನೆಯ ಪೆಟ್ಟು 1948ರ ಸೆಪ್ಟೆಂಬರಿನದು. ತರಂಗಗಳ ಗೋಜಲು ಬಿಡಿಸಲೆಂದು ಎಫ್‌ಸಿಸಿ ಹೊಸ ಪರವಾನಗಿಗಳನ್ನು ತಡೆಹಿಡಿಯಿತು. ತಡೆ ತೆರವಾದದ್ದು 1952ರ ಏಪ್ರಿಲ್‌ನಲ್ಲಿ. ಆ ಅವಧಿಯಲ್ಲಿ ಇಡೀ ದೇಶಕ್ಕೆ 108 ಕೇಂದ್ರಗಳು. ಹಲವು ಊರುಗಳಲ್ಲಿ ಒಂದೇ ಒಂದು. ಅಂಥ ಕೇಂದ್ರ ಎನ್‌ಬಿಸಿ ಅಥವಾ ಸಿಬಿಎಸ್‌ನ ಕೈಹಿಡಿದು, ಖಾಲಿ ಉಳಿದ ಹೊತ್ತಿಗೆ ಡ್ಯೂಮಾಂಟನ್ನು ಕರೆಯುತ್ತಿತ್ತು. 1954ರ ಹೊತ್ತಿಗೆ ಸುಮಾರು 200 ಸಹಯೋಗಿ ಕೇಂದ್ರಗಳಿವೆ ಎಂದು ಸಂಸ್ಥೆ ಹೇಳಿಕೊಂಡರೂ ಅವುಗಳಲ್ಲಿ ಹೆಚ್ಚಿನವು ಇಂಥ ಅರೆಮನಸ್ಸಿನವೇ. ಅಲ್ಲಿಗೆ ಕಾರ್ಯಕ್ರಮ ತಲುಪುತ್ತಿದ್ದುದು ಎಷ್ಟೋ ಸಲ ಕಿನೆಸ್ಕೋಪ್ ರೀಲಾಗಿ (ಟಿ.ವಿ. ತೆರೆಯಿಂದಲೇ ಚಿತ್ರೀಕರಿಸಿದ ಫಿಲ್ಮ್), ದಿನಗಳ ನಂತರ. ಗೋದಾಮಿನಲ್ಲಿ ಸರಕಿತ್ತು, ಸಂತೆಯಲ್ಲಿ ಅಂಗಡಿ ಹೂಡಲು ಜಾಗವಿರಲಿಲ್ಲ.

ಪ್ರತಿ ದೊಡ್ಡ ನಗರಕ್ಕೂ ಕನಿಷ್ಠ ನಾಲ್ಕು ವಿಎಚ್‌ಎಫ್ ಚಾನೆಲ್ ಕೊಡಿ ಎಂದು ಡ್ಯೂಮಾಂಟ್ ಯೋಜನೆಯೊಂದನ್ನೇ ಸಲ್ಲಿಸಿತು. ಎಫ್‌ಸಿಸಿ ಅದನ್ನು ಒಪ್ಪದೆ, ಒಂದೇ ಊರಿನಲ್ಲಿ ವಿಎಚ್‌ಎಫ್ ಜೊತೆ ಯುಎಚ್‌ಎಫ್ ಎಂಬ ಬೇರೆ ತರಂಗಪಟ್ಟಿಯ ಕೇಂದ್ರಗಳನ್ನೂ ಬೆರೆಸಿತು. ಹಳೆಯ ಸೆಟ್ಟುಗಳಿಗೆ ಬೇರೆ ಪೆಟ್ಟಿಗೆ ಜೋಡಿಸದೆ ಯುಎಚ್‌ಎಫ್ ಸಿಗುತ್ತಿರಲಿಲ್ಲ. ಕನ್ಸಾಸ್ ಸಿಟಿಯಲ್ಲಿ ಸೊರಗಿದ್ದ ಯುಎಚ್‌ಎಫ್ ಕೇಂದ್ರವೊಂದನ್ನು ಡ್ಯೂಮಾಂಟ್ ಒಂದು ಡಾಲರಿಗೆ ಕೊಂಡು, 1954ರ ಫೆಬ್ರವರಿಯಲ್ಲಿ ಮುಚ್ಚಿತು. ಎಲ್ಲ ಸೆಟ್ಟುಗಳಲ್ಲೂ ಯುಎಚ್‌ಎಫ್ ಇರಲೇಬೇಕೆಂಬ ಕಾನೂನು ಬಂದದ್ದು 1962ರಲ್ಲಿ.

ಇಷ್ಟೆಲ್ಲ ಹೇಳಿದ ಮೇಲೂ ಡ್ಯೂಮಾಂಟನ್ನು ಬರಿಯ ಬಲಿಪಶು ಎನ್ನಲಾಗದು. ಪಿಟ್ಸ್‌ಬರ್ಗ್‌ನಲ್ಲಿ 1957ರವರೆಗೂ ಇದ್ದದ್ದು ಒಂದೇ ವಾಣಿಜ್ಯ ವಿಎಚ್‌ಎಫ್ ಕೇಂದ್ರ, ಅದು ಡ್ಯೂಮಾಂಟ್‌ನ ಡಬ್ಲ್ಯುಡಿಟಿವಿ. ಆ ಊರು ಬೇಕಾದರೆ ಉಳಿದ ಜಾಲಗಳು ಇದರ ಬಾಗಿಲಿಗೇ ಬರಬೇಕಿತ್ತು. ಬೇರೆ ಊರುಗಳಲ್ಲಿ ತನಗೆ ಹೊತ್ತು ಕೇಳಲು ಅದೇ ಡ್ಯೂಮಾಂಟ್‌ನ ಕೈಯಲ್ಲಿದ್ದ ತುರುಪು. 1954ರ ಕೊನೆಗೆ ಅದನ್ನು ವೆಸ್ಟಿಂಗ್‌ಹೌಸ್‌ಗೆ 97.5 ಲಕ್ಷ ಡಾಲರಿಗೆ ಮಾರಲಾಯಿತು. ಹಣ ಬಂತು, ಜಾಲ ಮಾತ್ರ ಎರಡು ವರ್ಷವೂ ಉಳಿಯಲಿಲ್ಲ.

ಇನ್ನು ಕಾರ್ಯಕ್ರಮಗಳು. ‘ಕ್ಯಾಪ್ಟನ್ ವಿಡಿಯೋ’ದ ಬಾಹ್ಯಾಕಾಶವೆಲ್ಲ ರಟ್ಟಿನದು, ಕಥೆಯ ನಡುವೆ ಹಳೆಯ ಕೌಬಾಯ್ ಚಿತ್ರಗಳ ತುಣುಕುಗಳನ್ನು ತೂರಿಸಿ, ಇವರು ಭೂಮಿಯಲ್ಲಿರುವ ನಾಯಕನ ಸಹಚರರು ಎಂದುಬಿಡುತ್ತಿದ್ದರು. ಇದನ್ನು ಜಾಣತನ ಎನ್ನಬಹುದು, ಕಲೆ ಎನ್ನುವುದು ಹೆಚ್ಚಾಯಿತು. ಬಡತನ ನಿಜವಾಗಿ ರೂಪ ಪಡೆದದ್ದು ಬಿಷಪ್ ಫುಲ್ಟನ್ ಶೀನ್ ಅವರ ಪ್ರವಚನದಲ್ಲಿ. ಒಂದು ಕರಿಹಲಗೆ, ಒಬ್ಬ ಮಾತುಗಾರ. ಎದುರಿಗೆ ಎನ್‌ಬಿಸಿಯಲ್ಲಿ ಅದೇ ಹೊತ್ತಿಗೆ ಮಿಲ್ಟನ್ ಬರ್ಲ್ ಅವರ ಹಾಸ್ಯದ ಅಬ್ಬರ. ಆದರೂ ಜನ ಕೂತು ಕೇಳಿದರು, ಶೀನ್‌ಗೆ ಎಮ್ಮಿ ಪ್ರಶಸ್ತಿಯೂ ಬಂತು. ಜಾಕಿ ಗ್ಲೀಸನ್ ಅವರ ‘ಹನಿಮೂನರ್ಸ್’ 1951ರಲ್ಲಿ ಮೊಳೆತದ್ದು ಇಲ್ಲಿ, ಬೆಳೆದು ಫಲ ಕೊಟ್ಟದ್ದು ಸಿಬಿಎಸ್‌ನಲ್ಲಿ.

ಧೈರ್ಯದ ವಿಚಾರದಲ್ಲಿ ಲೆಕ್ಕ ಮಿಶ್ರ. 1950ರಲ್ಲಿ ಕಪ್ಪು ಪಿಯಾನೋ ವಾದಕಿ ಹೇಝಲ್ ಸ್ಕಾಟ್‌ಗೆ ಅವರದೇ ಹೆಸರಿನ ಕಾರ್ಯಕ್ರಮ ಕೊಟ್ಟದ್ದು ಈ ಜಾಲ. ಕಮ್ಯುನಿಸ್ಟ್ ನಂಟಿನ ಆರೋಪಕ್ಕೆ ಉತ್ತರಿಸಲು ಅವರು ಸಂಸತ್ ಸಮಿತಿಯ ಮುಂದೆ ಹಾಜರಾದ ಬೆನ್ನಿಗೇ ಅದು ನಿಂತುಹೋಯಿತು. ನಾಲ್ಕು ವರ್ಷಗಳ ನಂತರ ಕಮ್ಯುನಿಸ್ಟ್ ಬೇಟೆಯ ಸೆನೆಟರ್ ಮೆಕಾರ್ಥಿ ಮತ್ತು ಸೇನೆಯ ನಡುವಿನ ಆರ್ಮಿ–ಮೆಕಾರ್ಥಿ ವಿಚಾರಣೆಯನ್ನು ಆದ್ಯಂತ ನೇರವಾಗಿ ತೋರಿಸಿದವರಲ್ಲಿ ಎಬಿಸಿ ಜೊತೆ ಡ್ಯೂಮಾಂಟ್ ಕೂಡ ಇತ್ತು. ಈ ಎರಡನೆಯದನ್ನು ಮಾತ್ರ ನೆನೆದು ಹೊಗಳುವುದು ನ್ಯಾಯವಲ್ಲ. ಕಡಿಮೆ ಹೊಗಳಿಸಿಕೊಂಡರೂ ಹೆಚ್ಚು ಬಾಳಿದ್ದು ಅದರ ವ್ಯವಹಾರದ ಕ್ರಮ. ಇಡೀ ಕಾರ್ಯಕ್ರಮವನ್ನು ಒಬ್ಬ ಪ್ರಾಯೋಜಕನಿಗೆ ಒಪ್ಪಿಸುವ ರೇಡಿಯೋ ರೂಢಿ ಬಿಟ್ಟು, ಜಾಹೀರಾತಿನ ಹೊತ್ತನ್ನು ಹಲವರಿಗೆ ಹಂಚಿ ಮಾರಿದ್ದು.

ಇಷ್ಟಾದರೂ ಕಾರ್ಯಕ್ರಮಗಳ ಕುರಿತ ಈ ತೀರ್ಪಿಗೆ ಒಂದು ಮಿತಿಯಿದೆ. ನಟಿ ಈಡೀ ಆ್ಯಡಮ್ಸ್ 1996ರಲ್ಲಿ ಕೊಟ್ಟ ಸಾಕ್ಷ್ಯದ ಪ್ರಕಾರ, ಡ್ಯೂಮಾಂಟ್‌ನ ರೀಲುಗಳನ್ನು 1970ರ ದಶಕದಲ್ಲಿ ಮೂರು ಟ್ರಕ್ ತುಂಬಿಸಿ ನ್ಯೂಯಾರ್ಕ್ ಕೊಲ್ಲಿಯಲ್ಲಿ ಮುಳುಗಿಸಲಾಯಿತು. ಉಳಿದದ್ದು ಒಂದು ಪಾಲು ಮಾತ್ರ. ಹಾಗಾಗಿ ಡ್ಯೂಮಾಂಟ್‌ನ ‘ಸುವರ್ಣಯುಗ’ ಎಂಬ ಮಾತನ್ನು ಅನುಮಾನದಿಂದಲೇ ಕೇಳಬೇಕು.

ಕೇಂದ್ರಗಳ ಕಥೆಗೆ ಆ ಅನುಮಾನ ಬೇಕಿಲ್ಲ. ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ ಕೇಂದ್ರಗಳು ಜಾಲ ಅಳಿದ ಮೇಲೂ ಉಳಿದು, ಮೆಟ್ರೋಮೀಡಿಯಾ ಎಂಬ ಪ್ರಸಾರ ಸಂಸ್ಥೆಯ ಬುನಾದಿಯಾದವು. 1986ರಲ್ಲಿ ರೂಪರ್ಟ್ ಮರ್ಡೋಕ್ ಅವನ್ನು ಕೊಂಡು, ಅದೇ ವರ್ಷ ಫಾಕ್ಸ್ ಹೆಸರಿನ ನಾಲ್ಕನೆಯ ಜಾಲವನ್ನು ಶುರುಮಾಡಿದರು. ಮೊದಲು ಕೇಂದ್ರ, ಆಮೇಲೆ ಕಾರ್ಯಕ್ರಮ ಎಂಬ ಈ ಅನುಕ್ರಮವನ್ನು ನೋಡಿದರೆ ನಾಲ್ಕನೆಯ ಜಾಲದ ಕಲ್ಪನೆ 1946ರಲ್ಲೂ ತಪ್ಪಾಗಿರಲಿಲ್ಲ ಎನ್ನಬೇಕಾಗುತ್ತದೆ. ತಪ್ಪು ಎರಡು ಕಡೆ ಆಯಿತು: ಮೂರಕ್ಕಿಂತ ಹೆಚ್ಚು ಜಾಲಕ್ಕೆ ಜಾಗ ಉಳಿಸದ ಎಫ್‌ಸಿಸಿಯ ಹಂಚಿಕೆಯಲ್ಲಿ, ಮತ್ತು ಕೈಯಲ್ಲಿದ್ದ ಒಂದು ಹೆಬ್ಬಾಗಿಲನ್ನು ತಾನೇ ಮಾರಿಕೊಂಡ ಡ್ಯೂಮಾಂಟ್‌ನ ನಿರ್ಧಾರದಲ್ಲಿ.