ಪುಡಿಗಾಸಿನ ಡೈನೋಸಾರ್ ಚಿತ್ರಗಳು ಏಕೆ ಹೆದರಿಸುವುದಿಲ್ಲ

ಅತಿ ಕಡಿಮೆ ಬಂಡವಾಳದ ಡೈನೋಸಾರ್ ಭಯಚಿತ್ರಗಳನ್ನು ಯಾರಾದರೂ ಟೀಕಿಸಿದರೆ ಕೂಡಲೇ ಬರುವ ಉತ್ತರ ಒಂದೇ: ದುಡ್ಡಿರಲಿಲ್ಲ, ಪಾಪ, ಇನ್ನೇನು ಮಾಡಿಯಾರು? ಈ ಉತ್ತರವನ್ನು ನಾನು ಒಪ್ಪಲಾರೆ. 1993ರ ‘ಜುರಾಸಿಕ್ ಪಾರ್ಕ್’ಗೆ ಸುಮಾರು 6 ಕೋಟಿ 30 ಲಕ್ಷ ಡಾಲರ್ ಖರ್ಚಾಯಿತು, ನಿಜ. ಆದರೆ ಎರಡು ಗಂಟೆ ಮೀರಿದ ಆ ಚಿತ್ರದಲ್ಲಿ ಡೈನೋಸಾರ್‌ಗಳು ಕಣ್ಣಿಗೆ ಬೀಳುವುದು ಒಟ್ಟು ಸುಮಾರು 15 ನಿಮಿಷ ಮಾತ್ರ. ಅದರಲ್ಲೂ ಕಂಪ್ಯೂಟರಿನಲ್ಲಿ ಹುಟ್ಟಿದವುಗಳ ಪಾಲು ಅರ್ಧಕ್ಕಿಂತ ಕಡಿಮೆ. ಉಳಿದವು ಸ್ಟಾನ್ ವಿನ್‌ಸ್ಟನ್ ತಂಡ ಕಟ್ಟಿದ ಯಂತ್ರಗೊಂಬೆಗಳು. ಟಿ-ರೆಕ್ಸ್ ಮೈ ತೋರುವ ಮುನ್ನ ನಾವು ನೋಡುವುದು ಲೋಟದ ನೀರಿನಲ್ಲಿ ಏಳುವ ಅಲೆ, ಸುರಿಯುವ ಮಳೆ, ಕಟ್ಟಿಹಾಕಿದ್ದ ಜಾಗದಿಂದ ಮಾಯವಾದ ಮೇಕೆ. ಲೋಟಕ್ಕೂ ಮೇಕೆಗೂ ಕೋಟಿಗಳು ಬೇಕಿರಲಿಲ್ಲ. ಬಡ ಚಿತ್ರಗಳು ಕಲಿಯಬೇಕಿದ್ದದ್ದು ಈ ಕಾಯಿಸುವ ಕಲೆಯನ್ನು. ಅವು ನಕಲು ಮಾಡಲು ಹೊರಟದ್ದು ತಮ್ಮ ಕೈಗೆ ಎಂದೂ ಎಟುಕದ ಆ ಕೆಲವು ನಿಮಿಷಗಳ ಕಂಪ್ಯೂಟರ್ ಕೆಲಸವನ್ನು.

ಈ ಪಂಥದ ಹಿರಿಯ ನಿರ್ಮಾಪಕ ರೋಜರ್ ಕಾರ್ಮನ್. ‘ಜುರಾಸಿಕ್ ಪಾರ್ಕ್’ ತೆರೆಗೆ ಬರಲು ಕೆಲವೇ ವಾರಗಳಿರುವಾಗ ಅವರು 10 ಲಕ್ಷ ಡಾಲರಿಗೂ ಕಡಿಮೆ ಖರ್ಚಿನ ‘ಕಾರ್ನೋಸಾರ್’ ಬಿಡುಗಡೆ ಮಾಡಿದರು. ಅದರ ರಬ್ಬರ್ ಪ್ರಾಣಿ ಒರಟೊರಟು. ಆದರೂ ನಟನ ಎದುರಿಗೆ ಏನೋ ಒಂದು ನಿಂತಿತ್ತು. ನಟನ ಮೇಲೆ ಬಿದ್ದ ಬೆಳಕೇ ಅದರ ಮೇಲೂ ಬೀಳುತ್ತಿತ್ತು. ಮುಂದೆ ಅಸೈಲಮ್ ಕಂಪನಿಯ ‘ಏಜ್ ಆಫ್ ಡೈನೋಸಾರ್ಸ್’ (2013) ಮಾದರಿಯ ಚಿತ್ರಗಳ ಕಾಲಕ್ಕೆ ಅಷ್ಟೂ ಉಳಿಯಲಿಲ್ಲ. ಹಾಡುಹಗಲಲ್ಲಿ, ನಗರದ ನಡುಬೀದಿಯಲ್ಲಿ, ಮೂತಿಯಿಂದ ಬಾಲದವರೆಗೆ ಇಡೀ ಪ್ರಾಣಿಯನ್ನು ತೋರಿಸಿಬಿಡುತ್ತಾರೆ. ಅದು ಕಾಲಿಟ್ಟರೆ ಧೂಳೇಳುವುದಿಲ್ಲ, ಮೈಗೆ ತೂಕವಿಲ್ಲ. ನಟ ನೋಡುವ ದಿಕ್ಕು ಒಂದು, ಪ್ರಾಣಿಯ ತಲೆ ಇರುವ ಎತ್ತರ ಇನ್ನೊಂದು. ಗ್ರಾಫಿಕ್ಸ್‌ಗೆ ಇಟ್ಟ ಹಣ ಮುಗಿದ ಮೇಲೆ ಉಳಿದ ಹೊತ್ತನ್ನು ತುಂಬಲು ಪ್ರಯೋಗಾಲಯದ ಮಾತುಕತೆ, ಸೇನಾಧಿಕಾರಿಯ ಫೋನು, ಗಂಡ ಹೆಂಡಿರ ಜಗಳ. ಇದು ಬರಿಯ ತಾಂತ್ರಿಕ ದೋಷವೆಂದು ನನಗನ್ನಿಸುವುದಿಲ್ಲ. ನೋಡುಗನ ಮನಸ್ಸಿನಲ್ಲಿ ಹೆದರಿಕೆ ಹುಟ್ಟಲು ಬೇಕಾದ ಸಮಯವನ್ನೇ ಈ ಚಿತ್ರಗಳು ಕೊಡುವುದಿಲ್ಲ. ಹೆದರಿಕೆಗೆ ಮಾತೂ ಬೇಕಿಲ್ಲ. ‘ಜುರಾಸಿಕ್ ಪಾರ್ಕ್’ ಹಿಂದಿಗೆ ಡಬ್ ಆಗಿ 1994ರಲ್ಲಿ ಬಂತು. ಡಬ್ಬಿಂಗಿಗೆ ಇಲ್ಲಿನ ಚಿತ್ರರಂಗದ ವಿರೋಧವಿದ್ದುದರಿಂದ ಕನ್ನಡಕ್ಕೆ ಡಬ್ ಆಗಲಿಲ್ಲ. ಇಂಗ್ಲಿಷೂ ಹಿಂದಿಯೂ ಬಾರದ ಪ್ರೇಕ್ಷಕ ಮಾತು ತಿಳಿಯದೆಯೂ ಬೆಚ್ಚಿದ್ದರೆ, ಅದು ಚಿತ್ರ ಮತ್ತು ಸದ್ದಿನ ಬಲದಿಂದ.

ಡೈನೋಸಾರ್ ಭಯಚಿತ್ರದ ಪರಂಪರೆ ಕನ್ನಡದಲ್ಲಿ ಬೆಳೆಯಲಿಲ್ಲ. ಆದರೆ ಕಡಿಮೆ ಖರ್ಚಿನಲ್ಲಿ ಹೆದರಿಸುವ ವಿದ್ಯೆ ನಮಗೆ ಹೊಸದಲ್ಲ. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಪ್ರೇತ ಹೊಕ್ಕವನಾಗಿ ಅನಂತನಾಗ್ ನೋಡುವ ನೋಟವೇ ಸಾಕಾಗಿತ್ತು. 2013ರಲ್ಲಿ ಕೆ.ಎಸ್. ಅಶೋಕ ಅವರ ‘6-5=2’ ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲಿ ಉಳಿದ ದೃಶ್ಯಗಳೆಂಬ ನೆಪದಲ್ಲೇ ಇಡೀ ಕಥೆ ಹೇಳಿ, ಹೊಸಬರನ್ನೇ ಇಟ್ಟುಕೊಂಡು ಗೆದ್ದಿತು. ದೆವ್ವದ ಮಾತು ಬೇರೆ, ಅದು ಕಾಣದಿದ್ದರೂ ನಡೆಯುತ್ತದೆ, ಡೈನೋಸಾರ್ ಎಂಬುದು ಪ್ರಾಣಿ, ಅದು ಕಾಣಲೇಬೇಕು ಎಂದು ಯಾರಾದರೂ ಹೇಳಬಹುದು. ಈ ಆಕ್ಷೇಪದಲ್ಲಿ ಹುರುಳಿದೆ. ಪೋಸ್ಟರಿನಲ್ಲಿ ಪ್ರಾಣಿಯನ್ನು ತೋರಿಸಿ ಟಿಕೆಟ್ ಮಾರಿದ ಮೇಲೆ ಅದನ್ನು ಬಚ್ಚಿಟ್ಟರೆ ಮೋಸವೇ. ಆದರೆ ತೋರಿಸುವುದಕ್ಕೂ ಒಂದು ಕ್ರಮವಿದೆ. ಯಕ್ಷಗಾನದ ಬಣ್ಣದ ವೇಷವನ್ನು ನೋಡಿ. ಇಬ್ಬರು ಹಿಡಿದ ತೆರೆಯ ಹಿಂದಿನಿಂದ ಮೊದಲು ಕೇಳುವುದು ಆರ್ಭಟ. ಚೆಂಡೆ ಏರುತ್ತದೆ, ದೊಂದಿಯ ಬೆಂಕಿಗೆ ರಾಳದ ಪುಡಿ ಬಿದ್ದು ಭುಗಿಲೇಳುತ್ತದೆ, ತೆರೆಯ ಮೇಲೆ ಕಿರೀಟದ ತುದಿ ಅಲುಗುತ್ತದೆ. ಅಕ್ಕಿಹಿಟ್ಟು ಸುಣ್ಣ ಕಲಸಿ ಇಟ್ಟ ಚಿಟ್ಟಿಯ ಆ ಮುಖ ಕಾಣುವ ಹೊತ್ತಿಗೆ ಮಕ್ಕಳು ತಾಯಂದಿರ ಸೆರಗು ಹಿಡಿದಾಗಿರುತ್ತದೆ. ರಾಕ್ಷಸ ಪೂರ್ತಿಯಾಗಿಯೇ ಕಾಣುತ್ತಾನೆ. ಕಾಣುವ ಮುಂಚೆ ಕಾಯಿಸುತ್ತಾನೆ. 1975ರ ‘ಜಾಸ್’ ಚಿತ್ರೀಕರಣದಲ್ಲಿ ಯಂತ್ರದ ಶಾರ್ಕ್ ಪದೇ ಪದೇ ಕೆಟ್ಟಿದ್ದರಿಂದ ನಿರ್ದೇಶಕ ಸ್ಪೀಲ್‌ಬರ್ಗ್ ಅದನ್ನು ಬಹುಪಾಲು ಮರೆಯಲ್ಲೇ ಇಡಬೇಕಾಯಿತು. ಅದರಿಂದ ಚಿತ್ರಕ್ಕೆ ಲಾಭವೇ ಆಯಿತು.

ಈ ಪುಡಿಗಾಸಿನ ಚಿತ್ರಗಳನ್ನು ನಗುವುದಕ್ಕೆಂದೇ ಮಾಡುತ್ತಾರೆ, ಭಯದ ಅಳತೆಗೋಲು ಏಕೆ ಎಂಬ ವಾದವೂ ಇದೆ. ‘ವೆಲಾಸಿಪಾಸ್ಟರ್’ (2018) ಎಂಬ ಚಿತ್ರದಲ್ಲಿ ಉರಿಯುವ ಕಾರಿನ ಬದಲು, ಇಲ್ಲಿ ಕಾರು ಉರಿಯುತ್ತಿದೆ ಎಂಬರ್ಥದ ಅಕ್ಷರಗಳನ್ನಷ್ಟೇ ತೋರಿಸುತ್ತಾರೆ. ಅದು ಹಾಸ್ಯವೆಂದು ಹೇಳಿಕೊಂಡೇ ಬಂದ ಚಿತ್ರ. ಅದರ ಮೇಲೆ ನನ್ನ ತಕರಾರಿಲ್ಲ. ತಕರಾರು ಇರುವುದು ಹೆದರಿಸುತ್ತೇವೆಂದು ಹೊರಟು, ಸೋತ ಮೇಲೆ ತಮಾಷೆಯ ಹೆಸರಿನಲ್ಲಿ ತಲೆ ಮರೆಸಿಕೊಳ್ಳುವವುಗಳ ಮೇಲೆ.

ಇಷ್ಟಕ್ಕೂ ಪ್ರಾಣಿಯನ್ನು ಕಟ್ಟಲು ಸಾಮಗ್ರಿ ಎಲ್ಲಿದೆ ಎಂದು ಕೇಳಿದರೆ, ಬೆಂಗಳೂರಿನ ಕಲಾಸಿಪಾಳ್ಯದಲ್ಲಿ, ಅದರ ಪಕ್ಕದ ಜೆ.ಸಿ. ರಸ್ತೆಯಲ್ಲಿ ಇದೆ. ಸೀಟಿನ ಫೋಮ್, ರೆಕ್ಸಿನ್, ಸ್ಪ್ರಿಂಗು, ವಾಹನಗಳ ಹಳೆಯ ಬಿಡಿಭಾಗ ಎಲ್ಲವೂ ಅಲ್ಲಿ ಸಿಗುತ್ತವೆ. ಅವನ್ನು ಕತ್ತರಿಸಿ ಹೊಲಿದು ಆಕಾರ ಕೊಡಬಲ್ಲ ಕುಶನ್ ಕೆಲಸದವರೂ ಟಿಂಕರ್‌ಗಳೂ ಇದ್ದಾರೆ. ಒಂದು ಪಾದ, ಬಾಲದ ತುದಿ, ರೆಪ್ಪೆ ಬಡಿಯುವ ಒಂದೇ ಒಂದು ಕಣ್ಣು ಕಟ್ಟಲು ಇಷ್ಟು ಸಾಲದೆ? ಬಿದಿರು, ಬಟ್ಟೆ, ಕಾಗದದಿಂದ ಪ್ರಾಣಿಗಳನ್ನು ಮಾಡಿ ರಂಗಕ್ಕೆ ತರುವುದು ನಮ್ಮ ಹವ್ಯಾಸಿ ನಾಟಕದವರಿಗೂ ಗೊತ್ತಿದೆ, ಅವರು ಆಡುವ ರವೀಂದ್ರ ಕಲಾಕ್ಷೇತ್ರವೂ ಇಲ್ಲಿಂದ ದೂರವಿಲ್ಲ. ಕಥೆಗೆ ಅಮೆರಿಕದ ಪ್ರಾಣಿಯೇ ಬೇಕೆಂದೂ ಇಲ್ಲ: ನರ್ಮದಾ ಕಣಿವೆಯ ಪಳೆಯುಳಿಕೆಗಳಿಂದ ಗುರುತಿಸಿ 2003ರಲ್ಲಿ ರಾಜಾಸಾರಸ್ ಎಂದು ಹೆಸರಿಟ್ಟ, ತಲೆಯ ಮೇಲೆ ಮೋಟು ಕೊಂಬಿನ ಮಾಂಸಾಹಾರಿ ನಮ್ಮದೇ ನೆಲದ್ದು. ಕನ್ನಡದ ಹೊಸ ನಿರ್ದೇಶಕರು ಯಾರಾದರೂ ಇದಕ್ಕೆ ಕೈಹಾಕುವುದಾದರೆ ಮೊದಲ ದುಡ್ಡನ್ನು ಸದ್ದಿನ ಕೆಲಸದವರಿಗೂ ಕುಶನ್ ಹೊಲಿಯುವವರಿಗೂ ಕೊಡಲಿ. ಗ್ರಾಫಿಕ್ಸ್‌ನ ಲೆಕ್ಕ ಆಮೇಲೆ ನೋಡಿಕೊಳ್ಳಲಿ.